ದೀಪದ ಭಾಷೆ ಓದುವ ನೀಲಿ ಡಬ್ಬಿ: ನಾಲ್ಕು ಸ್ಟಾರ್

ಆನ್‌ಲೈನ್‌ನಲ್ಲಿ 700 ರೂಪಾಯಿಗೆ ತರಿಸಿದ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಇದು, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡನ್ನು ಮೊಬೈಲಿಗೆ ಓದಿ ಹೇಳುವ ಡಬ್ಬಿ. ಬೆಂಕಿಪೊಟ್ಟಣದಷ್ಟು ಗಾತ್ರ, ಮೇಲೆ ‘ಇಎಲ್‌ಎಂ327’ ಅಂತ ಅಚ್ಚು. ಆ ಹೆಸರಿನ ಅಸಲಿ ಚಿಪ್ ಮಾಡುತ್ತಿದ್ದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ 2022ರಲ್ಲೇ ಬಾಗಿಲು ಹಾಕಿದೆ. ಈ ರೇಟಿಗೆ ಸಿಗುವುದೆಲ್ಲ ನಕಲಿಯೇ. ಆದರೂ ನನ್ನ ಪೆಟ್ರೋಲ್ ಕಾರಿಗೆ ಸಾಕಾಗಿದೆ.

ಸ್ಟೀರಿಂಗ್ ಕೆಳಗೆ ಕೈ ಹಾಕಿದರೆ 16 ಪಿನ್ನಿನ ಸಾಕೆಟ್ ಸಿಗುತ್ತದೆ. ಬಿಎಸ್4 (ಹೊಗೆ ಮಿತಿಯ ನಿಯಮ) ಕಾರುಗಳಿಗೆ 2013ರ ಏಪ್ರಿಲ್‌ನಿಂದ ಈ ಸಾಕೆಟ್ಟಿನ ಓಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು, ಹಾಗಾಗಿ ಆಮೇಲಿನವುಗಳಲ್ಲಿ ಚಿಂತೆ ಇಲ್ಲ. ಡಬ್ಬಿ ಸಿಕ್ಕಿಸಿ, ಕೀಲಿ ತಿರುಗಿಸಿ, ಮೊಬೈಲ್ ಆ್ಯಪ್ ತೆರೆದರೆ ಆಯಿತು.

ಎಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಹತ್ತಿಕೊಂಡಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನಕ್ಕೆ ಮನೆ ಮುಟ್ಟಬಹುದು. ಮಿಣಮಿಣ ಅಂತ ಮಿನುಗಿದರೆ ಮಾತ್ರ ಕಾಲು ಸಡಿಲಿಸಲೇಬೇಕು. ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗಿ, ಹೊಗೆಯ ವಿಷ ತಗ್ಗಿಸುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಹಾಳು ಮಾಡುತ್ತದೆ. ಕೆಂಪು ಆಯಿಲ್ ದೀಪದ ಕತೆಯೇ ಬೇರೆ, ಅದು ಹತ್ತಿದರೆ ಅಲ್ಲೇ ಬದಿಗೆ ಹಾಕಿ ಎಂಜಿನ್ ಬಂದ್ ಮಾಡಬೇಕು.

ನಾನು ಕುಮಟಾದಲ್ಲಿ ಟೀಚರು, ಮನೆ ಶಿರಸಿ. ಆಷಾಢದ ಮಳೆಯಲ್ಲಿ ದೇವಿಮನೆ ಘಟ್ಟ ಹತ್ತುವಾಗ ಗಾಡಿ ಜಗ್ಗತೊಡಗಿತು, ದೀಪ ಮಿನುಗಿತು. ಅಗಲ ಇದ್ದ ಕಡೆ ನಿಲ್ಲಿಸಿ ಡಬ್ಬಿ ಸಿಕ್ಕಿಸಿದೆ. ಘಟ್ಟದಲ್ಲಿ ನೆಟ್‌ವರ್ಕ್ ದೇವರಿಗೇ ಪ್ರೀತಿ, ಆದರೆ ಕೋಡಿನ ಅರ್ಥ ಆ್ಯಪ್ ಒಳಗೇ ಇತ್ತು: ಪಿ0302. ಕೊನೆಯ ಅಂಕಿ ಸಿಲಿಂಡರ್ ನಂಬರು, ಅಂದರೆ ಎರಡನೆಯದು ಸರಿಯಾಗಿ ಉರಿಯುತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಕ್ಸಲರೇಟರ್ ಹೆಚ್ಚು ಒತ್ತದೆ ಏರಿದೆ, ಮಿನುಗು ನಿಂತಿತು.

ಶಿರಸಿಯ ಗ್ಯಾರೇಜಿನವನು ಮೊಬೈಲ್ ನೋಡಿ, “ಅಕ್ಕೋರೇ, ಇದು ಪ್ಲಗ್ ಇರ್ಬಹುದು, ಕಾಯಿಲ್ ಇರ್ಬಹುದು, ಇಂಜೆಕ್ಟರೂ ಇರ್ಬಹುದು. ಅದಲುಬದಲು ಮಾಡಿ ನೋಡ್ವ” ಅಂದ. ಎರಡನೇ ಸಿಲಿಂಡರ್‌ನ ಕಾಯಿಲನ್ನು (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗ) ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ, ನೀಲೆಕಣಿ ಕಡೆ ಒಂದು ಸುತ್ತು ಹೊಡೆದು ಬಂದ. ಈಗ ಕೋಡ್ ಪಿ0303! ದೋಷವೂ ಕಾಯಿಲ್ ಜೊತೆಗೇ ಸ್ಥಳ ಬದಲಿಸಿತ್ತು. ಬರೀ ಒಂದು ಕಾಯಿಲ್ ಬದಲಿಸಿ ಕೆಲಸ ಮುಗಿಯಿತು. ಈ ಕೆಲಸ ಡಬ್ಬಿಯದ್ದಲ್ಲ, ಅವನ ತಲೆಯದ್ದು. ಕೋಡ್ ತೋರಿಸುವುದು ದೂರು ಬಂದ ಓಣಿಯನ್ನು ಮಾತ್ರ, ಮನೆ ಹುಡುಕುವುದು ಮೆಕ್ಯಾನಿಕ್‌ನ ಪಾಲು.

ಇದನ್ನು ಹೇಳಲು ಕಾರಣವಿದೆ. ಅದಕ್ಕೂ ಮೊದಲು ದೊಡ್ಡದೊಂದು ಸರ್ವಿಸ್ ಸೆಂಟರ್‌ನಲ್ಲಿ (ಹೆಸರು ಬೇಡ) ಪಿ0171 ನೋಡಿದ್ದೇ ತಡ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಲು ಎಸ್ಟಿಮೇಟ್ ಬರೆದಿದ್ದರು. ಪಿ0171 ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅಂತಷ್ಟೇ. ಸೆನ್ಸರ್ ಆ ಸುದ್ದಿ ಮುಟ್ಟಿಸಿದ್ದು ಅಷ್ಟೇ. ಮನೆಗೆ ಬಂದು ಆ್ಯಪ್‌ನಲ್ಲಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ನೋಡಿದೆ. ನಿಂತಲ್ಲೇ ಓಡುವಾಗ ಶೇ. 20 ದಾಟುತ್ತಿತ್ತು, 2500 ಆರ್‌ಪಿಎಂಗೆ ಏರಿಸಿದರೆ ಇಳಿಯುತ್ತಿತ್ತು. ನನ್ನದರಂತೆ ಒಳಬರುವ ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಯಲ್ಲಿ ಇದು ಎಲ್ಲೋ ಗಾಳಿ ಕದ್ದು ಒಳಬರುವ ಲಕ್ಷಣ. ಬಾನೆಟ್ ತೆಗೆದರೆ ವ್ಯಾಕ್ಯೂಮ್ ಪೈಪಿನ ಮೇಲೆ ಇಲಿ ಹಲ್ಲಿನ ಗುರುತು! ಅಡಿಕೆ ರಾಶಿಯ ಪಕ್ಕದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರಿಗೆ ಹೊಸ ಸುದ್ದಿಯೇನಲ್ಲ.

ಕೊರತೆ ಹೇಳದಿದ್ದರೆ ಹೇಗೆ. ಎಬಿಎಸ್, ಏರ್‌ಬ್ಯಾಗ್ ದೀಪದ ಕೋಡು ನನ್ನ ಗಾಡಿಯಲ್ಲಿ ಇದಕ್ಕೆ ಓದಲು ಬರಲಿಲ್ಲ. ಐಫೋನ್‌ಗೆ ಈ ಹಳೇ ಬ್ಲೂಟೂತ್ ಹೊಂದುವುದಿಲ್ಲ, ಅಂಥವರು ವೈಫೈ ಅಥವಾ ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಹೊಸ ಬ್ಲೂಟೂತ್) ಮಾದರಿ ನೋಡಿ. ಕೋಡ್ ಅಳಿಸುವ ಬಟನ್ ಒತ್ತುವ ಮೊದಲು ಫ್ರೀಜ್ ಫ್ರೇಮ್ ಪುಟದ ಫೋಟೋ ತೆಗೆಯಿರಿ. ಅದರಲ್ಲಿರುವ, ದೀಪ ಹತ್ತಿದ ಹೊತ್ತಿನ ವೇಗ, ಎಂಜಿನ್ ಬಿಸಿ, ಆರ್‌ಪಿಎಂ ಎಲ್ಲ ಕೋಡಿನ ಜೊತೆಗೇ ಹೋಗಿಬಿಡುತ್ತದೆ. ಒಂದು ಸ್ಟಾರ್ ಕಡಿದದ್ದು ಇನ್ನೊಂದಕ್ಕೆ: ಕೀಲಿ ತೆಗೆದರೂ ಇದರ ದೀಪ ಆರುವುದಿಲ್ಲ. ರಜೆಯಲ್ಲಿ ಗಾಡಿ ನಿಲ್ಲಿಸಿಡುವವರು ಕಿತ್ತು ಡ್ಯಾಶ್‌ಬೋರ್ಡ್ ಪೆಟ್ಟಿಗೆಗೆ ಹಾಕಿ, ಬ್ಯಾಟರಿ ಉಳಿಯುತ್ತದೆ.