ಪ್ರೀಮಿಯಂ ಕಡಿಮೆ ಅಂತ ಖುಷಿಪಡುವ ಮುಂಚೆ ಫಾರ್ಮ್ ಓದಿ

ಲೈಸೆನ್ಸ್ ಕೈಗೆ ಬಂದು ಇನ್ನೂ 3 ತಿಂಗಳಾಗಿರಲಿಲ್ಲ, ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಇನ್ಶೂರೆನ್ಸ್‌ಗೆ ವಿಚಾರಿಸಿದ ಕಡೆಯೆಲ್ಲ ಒಂದೇ ರಾಗ: ವಯಸ್ಸು ಕಡಿಮೆ, ಅನುಭವ ಇಲ್ಲ, ಪ್ರೀಮಿಯಂ ಜಾಸ್ತಿ. ಹೊಸದಾಗಿ ಕಲಿತವರು ಹೆಚ್ಚು ಗುದ್ದುತ್ತಾರೆ ಅನ್ನೋದು ಕಂಪನಿಗಳ ಲೆಕ್ಕ. ನನಗೆ ಆಗ ಅದು ಅವಮಾನದ ಹಾಗೆ ಕಂಡಿತ್ತು.

ಅಷ್ಟರಲ್ಲಿ ಪರಿಚಯದವರ ಪರಿಚಯದ ಒಬ್ಬ ಏಜೆಂಟ್ ಸಿಕ್ಕರು. ಬೇರೆಯವರು ಹೇಳಿದ್ದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ ಹೇಳಿದರು. "ಕಾರಿನ ಹಳೇ ಪೇಪರ್‌ಗಳ ಫೋಟೊ ಕಳಿಸಿ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದರು. ಸ್ವಲ್ಪ ಹೊತ್ತಿಗೆ ಫೋನು: "ಒಂದು ಓಟಿಪಿ ಬಂದಿರತ್ತೆ, ಹೇಳಿ." ಹೇಳಿದೆ. ಪಾಲಿಸಿ ಪಿಡಿಎಫ್ ಬಂತು. ಮೊದಲ ಪುಟದಲ್ಲಿ ಹೆಸರು, ಕಾರಿನ ನಂಬರ್, ಕೊನೆಯ ದಿನಾಂಕ ಸರಿ ಇತ್ತು. ಉಳಿದ ಪುಟ ತೆರೆಯಲೇ ಇಲ್ಲ.

7 ತಿಂಗಳಾದ ಮೇಲೆ ಪಾರ್ಕಿಂಗ್‌ನಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ಗುದ್ದಿದೆ. ಹಿಂದಿನ ಲೈಟ್ ಚೂರು, ಡಿಕ್ಕಿ ಬಾಗಿಲು ಒಳಗೆ ಮಡಚಿಕೊಂಡು ಮುಚ್ಚುತ್ತಲೇ ಇಲ್ಲ. ಹಗ್ಗ ಕಟ್ಟಿಕೊಂಡು ಮನೆಗೆ ಬಂದೆ. ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯ.

ಕ್ಲೈಮ್ ಹಾಕಿದೆ. ನಷ್ಟ ಎಷ್ಟು ಅಂತ ನೋಡೋಕೆ ಕಂಪನಿ ಕಳಿಸಿದ ಸರ್ವೇಯರ್ ಬಂದು ಫೋಟೊ ತೆಗೆದುಕೊಂಡು ಹೋದರು. ಆಮೇಲೆ ಬಂದದ್ದು ಕ್ಲೈಮ್ ತಿರಸ್ಕರಿಸಿದ ಪತ್ರ. ಏಜೆಂಟ್ ನನ್ನ ಪರವಾಗಿ ತುಂಬಿದ್ದ ಫಾರ್ಮ್‌ನಲ್ಲಿ ನನಗೆ 5 ವರ್ಷದ ನೋ ಕ್ಲೈಮ್ ಬೋನಸ್ ಇದೆ ಅಂತ ಬರೆದಿತ್ತಂತೆ! ಲೈಸೆನ್ಸ್ ಸಿಕ್ಕು ವರ್ಷ ತುಂಬದವರಿಗೆ 5 ವರ್ಷದ ಬೋನಸ್ ಎಲ್ಲಿಂದ ಬರಬೇಕು? ಅದು ಕಾರಿನ ಹಳೇ ಮಾಲೀಕರದ್ದು. ಕ್ಲೈಮ್ ಮಾಡದೇ ಇದ್ದದ್ದಕ್ಕೆ ಸಿಗುವ ಈ ರಿಯಾಯಿತಿ ಪಾಲಿಸಿ ಮಾಡಿಸಿದ ಮನುಷ್ಯನಿಗೆ ಸೇರಿದ್ದು, ಕಾರಿಗಲ್ಲ. ಕಾರು ಮಾರಿದರೂ ಬೋನಸ್ ಅವರ ಜೊತೆಗೇ ಹೋಗುತ್ತದೆ. ಏಜೆಂಟ್ ಅದನ್ನು ನನ್ನ ಹೆಸರಿಗೆ ಹಾಕಿ ಪ್ರೀಮಿಯಂ ಇಳಿಸಿದ್ದರು. ಹಳೇ ಪೇಪರ್ ಕೇಳಿದ್ದು ಯಾಕೆ ಅಂತ ಆಗ ಹೊಳೆಯಿತು.

ಫೋನ್ ಮಾಡಿದರೆ "ಎಲ್ರೂ ಹಂಗೇ ಮಾಡ್ಸೋದು" ಅಂದರು. ಅದಾದ ಮೇಲೆ ಫೋನ್ ಎತ್ತಲಿಲ್ಲ. ಕಂಪನಿಯವರನ್ನು ಕೇಳಿದರೆ, ಫಾರ್ಮ್ ಯಾರೇ ತುಂಬಿರಲಿ, ಒಪ್ಪಿಗೆ ಕೊಟ್ಟವರು ನೀವು ಅಂದರು. ನಾನು ಸುಮ್ನೆ ಓದಿ ಹೇಳಿದ ಆ ಓಟಿಪಿಯೇ ನನ್ನ ಸಹಿ!

ಅವತ್ತು ಕೂತು ಅಷ್ಟೂ ಪುಟ ಓದಿದೆ. ಇನ್ನೊಂದು ಕಿತಾಪತಿ ಸಿಕ್ಕಿತು. ವಾಲಂಟರಿ ಡಿಡಕ್ಟಿಬಲ್ ಅಂತ ಒಂದು ಸಾಲು. ಅಂದರೆ ರಿಪೇರಿ ಬಿಲ್‌ನಲ್ಲಿ ಮೊದಲ ಇಷ್ಟು ಹಣ ನಮ್ಮದು, ಅದರ ಮೇಲಿನದು ಮಾತ್ರ ಕಂಪನಿಯದು. ಇದೇನೂ ಮೋಸವಲ್ಲ. ಅದನ್ನು ಏರಿಸಿದಷ್ಟೂ ಪ್ರೀಮಿಯಂ ಇಳಿಯುತ್ತದೆ. ಆದರೆ ಹೊಸಬರು ಮಾಡಿಕೊಳ್ಳುವುದು ಇಂಥ ಕಂಬ, ಗೋಡೆ, ಗೇಟಿನ ಚಿಕ್ಕಪುಟ್ಟ ಗುದ್ದುಗಳೇ ಅಲ್ವಾ? ನನ್ನ ಪಾಲಿಸಿಯಲ್ಲಿ ಆ ಮೊತ್ತ ಎಷ್ಟಿತ್ತೆಂದರೆ, ಕ್ಲೈಮ್ ಪಾಸಾಗಿದ್ದರೂ ಕೈಗೆ ಸಿಗುತ್ತಿದ್ದದ್ದು ಬಿಡಿಗಾಸು.

ಹಾಗಾಗಿ ಯಾರಾದರೂ ತೀರಾ ಕಡಿಮೆ ಹೇಳಿದರೆ ಏನನ್ನು ಕಡಿಮೆ ಮಾಡಿದ್ದೀರಿ ಅಂತ ಕೇಳಿ. ಬರೀ ಥರ್ಡ್ ಪಾರ್ಟಿ ಇದ್ದರೆ ಎದುರಿನವರ ನಷ್ಟಕ್ಕೆ ಮಾತ್ರ ಆಗುತ್ತದೆ, ನಿಮ್ಮ ಕಾರಿಗೆ ಏನೂ ಬರಲ್ಲ. ಎರಡು ಕಡೆಯ ರೇಟ್ ಹೋಲಿಸುವಾಗ ಕವರ್, ಡಿಡಕ್ಟಿಬಲ್ ಎರಡೂ ಒಂದೇ ಇರಲಿ. ಪಾಲಿಸಿ ಬಂದ ದಿನವೇ ಅದರ ನಂಬರನ್ನು ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ, ಯಾಕೆಂದರೆ ಪೂರ್ತಿ ನಕಲಿ ಪಾಲಿಸಿ ಮಾರುವವರೂ ಇದ್ದಾರೆ. ಇನ್ನು ನ್ಯಾಯವಾಗಿ ಉಳಿಸಬೇಕು ಅಂದರೆ ಕಾರು ಕೊಳ್ಳುವ ಮುಂಚೆಯೇ ಪ್ರೀಮಿಯಂ ವಿಚಾರಿಸಿ. ಚಿಕ್ಕ ಎಂಜಿನ್ನಿನ ಸಾದಾ ಕಾರಿಗೆ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ. ಓಡಿಸುವ ರೀತಿಯನ್ನು ಆ್ಯಪ್‌ನಲ್ಲಿ ಅಳೆದು ರಿಯಾಯಿತಿ ಕೊಡುವ ಪಾಲಿಸಿಗಳೂ ಇವೆ, ಸ್ಪೀಡು, ಬ್ರೇಕು ಎಲ್ಲ ಕಂಪನಿಗೆ ಗೊತ್ತಾಗುತ್ತದೆ ಅನ್ನೋದು ನಿಮಗೆ ಪರವಾಗಿಲ್ಲ ಅಂದರೆ.

ರಿಪೇರಿ ನನ್ನ ದುಡ್ಡಿನಲ್ಲೇ ಆಯಿತು. ಮುಂದಿನ ಪಾಲಿಸಿಯ ಫಾರ್ಮ್ ನಾನೇ ಕೂತು ತುಂಬಿದೆ. ಅದರಲ್ಲಿ ಒಂದು ಪ್ರಶ್ನೆ: "ಹಿಂದೆ ಯಾವುದಾದರೂ ಕ್ಲೈಮ್ ತಿರಸ್ಕೃತವಾಗಿದೆಯೇ?" ಹೌದು ಅಂತ ಟಿಕ್ ಮಾಡಿದೆ. ಬಂದ ಪ್ರೀಮಿಯಂ, ಮೊದಲ ದಿನ ಜಾಸ್ತಿ ಆಯ್ತು ಅಂತ ಬಿಟ್ಟಿದ್ದೆನಲ್ಲ, ಅದಕ್ಕಿಂತಲೂ ಜಾಸ್ತಿ ಇತ್ತು.