ಮಳೆ ತೆಗೆಯಲು ಹೋಗಿ ಅಜ್ಜಿಯ ಮಾತನ್ನೇ ಒರೆಸಿದೆ

ಹಳೆಯ ರೆಕಾರ್ಡಿಂಗಿನ ಗದ್ದಲ ತೆಗೆಯಲು ಕೂತಿದ್ದೀರಾ? ಮೊದಲು ಮೂಲ ಫೈಲಿನ ಪ್ರತಿ ಮಾಡಿ ಬೇರೆ ಕಡೆ ಇಡಿ. ನಾನು ಇಡಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟು ಬಂದವರಲ್ಲಿ ನಮ್ಮಜ್ಜಿಯೂ ಒಬ್ಬರು. ಆ ಕಥೆಯನ್ನು ಒಂದು ಮಳೆಗಾಲದ ಮಧ್ಯಾಹ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಫೋನು ಟೀಪಾಯಿ ಮೇಲೆ, ಅಜ್ಜಿ ಮಾರು ದೂರದ ಕುರ್ಚಿಯಲ್ಲಿ. ಮೊದಲ ತಪ್ಪು ಅದೇ. ಶುರುವಿನಲ್ಲಿ ಫ್ಯಾನಿನ ಸದ್ದು. ಹತ್ತು ನಿಮಿಷಕ್ಕೆ ಕರೆಂಟು ಹೋಯಿತು, ತಗಡಿನ ಮೇಲೆ ಮಳೆ ಶುರುವಾಯಿತು.

ಧ್ವನಿ ತಿದ್ದುವ ಅಡಾಸಿಟಿ ಸಾಫ್ಟ್‌ವೇರಿನಲ್ಲಿ ಗದ್ದಲ ತಗ್ಗಿಸಲು ‘ನಾಯ್ಸ್ ರಿಡಕ್ಷನ್’ ಇದೆ. ಅದಕ್ಕೆ ಮೊದಲು ಮಾತಿಲ್ಲದ, ಬರೀ ಗದ್ದಲದ ತುಣುಕೊಂದನ್ನು ತೋರಿಸಬೇಕು. ‘ಗದ್ದಲ ಅಂದರೆ ಇದು’ ಅಂತ ತಿಳಿದು ಅದು ಇಡೀ ಫೈಲಿನಲ್ಲಿ ಅಂಥದ್ದನ್ನೇ ತಗ್ಗಿಸುತ್ತದೆ. ನಾನು ಫ್ಯಾನಿನ ಸದ್ದು ತೋರಿಸಿದೆ. ಮಳೆ ಹಾಗೇ ಉಳಿಯಿತು. ಅದಕ್ಕೆ ಗೊತ್ತಿದ್ದದ್ದು ಫ್ಯಾನ್ ಮಾತ್ರ ಅಲ್ವಾ. ಸಿಟ್ಟು ಬಂದು ಮಳೆಯ ತುಣುಕು ತೋರಿಸಿ, ಗದ್ದಲ ತಗ್ಗಿಸುವ ಪ್ರಮಾಣ 12 ಡೆಸಿಬೆಲ್ ಇದ್ದದ್ದನ್ನು 30ಕ್ಕೆ ಏರಿಸಿ, ಇಡೀ ಫೈಲಿಗೆ ಮತ್ತೆ ಓಡಿಸಿದೆ.

ಮಳೆ ಹೋಯಿತು. ಜೊತೆಗೆ ಸ, ಶ, ಹ ಕೂಡ ಹೋದವು. ಇವನ್ನು ಹೇಳುವಾಗ ಬಾಯಿಂದ ಬರುವುದೂ ಮಳೆಯಂಥದ್ದೇ ಸುಯ್ಯೆನ್ನುವ ಸದ್ದು. ಸಾಫ್ಟ್‌ವೇರಿಗೆ ಭೇದ ತಿಳಿಯಲಿಲ್ಲ. ಉಳಿದ ಮಾತು ಕೊಡದೊಳಗಿಂದ ಬಂದ ಹಾಗೆ, ಸುತ್ತ ಗುಳುಗುಳು ಸದ್ದು.

ಇಷ್ಟನ್ನೂ ನಾನು ಕೇಳಿದ್ದು ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲಿ. ‘ಪರವಾಗಿಲ್ಲ’ ಅಂದುಕೊಂಡು ಅದೇ ಹೆಸರಿಗೆ ಎಕ್ಸ್‌ಪೋರ್ಟ್ ಮಾಡಿದೆ. ಜಾಗ ಸಾಲದು ಅಂತ ಫೋನಿನಲ್ಲಿದ್ದದ್ದನ್ನೂ ಅಳಿಸಿದೆ. ತಿಂಗಳಾದ ಮೇಲೆ ಇಯರ್‌ಫೋನ್ ಹಾಕಿಕೊಂಡಾಗ ಹೊಟ್ಟೆ ಧಸಕ್ಕೆಂದಿತು.

ಎಐ ಟೂಲ್ ಒಂದಕ್ಕೂ ಕೊಟ್ಟು ನೋಡಿದೆ. ಬದಲಾಗುವ ಗದ್ದಲವನ್ನು ಅವು ಚೆನ್ನಾಗಿಯೇ ಹಿಡಿಯುತ್ತವೆ, ಸುಳ್ಳಲ್ಲ. ಆದರೆ ಫೈಲಿನಲ್ಲಿ ಇಲ್ಲದ್ದನ್ನು ಎಲ್ಲಿಂದ ತರಬೇಕು? ಅಜ್ಜಿ ಆಡದ ಅಕ್ಷರಗಳನ್ನು ಸೇರಿಸಿ ನಯವಾಗಿ ಒಪ್ಪಿಸಿತು. ಅದು ಇನ್ನೂ ಅಪಾಯ.

ಈಗ ಗದ್ದಲ ಬದಲಾಗುವ ಕಡೆಯೆಲ್ಲ ತುಂಡು ಮಾಡಿ, ಆಯಾ ತುಂಡಿಗೆ ಅದರದೇ ತುಣುಕು ತೋರಿಸುತ್ತೇನೆ. 6ರಿಂದ 10 ಡೆಸಿಬೆಲ್, ಅಷ್ಟೇ. ಸ್ವಲ್ಪ ಮಳೆ ಕೇಳಿದರೆ ಕೇಳಲಿ ಬಿಡಿ, ಮಲೆನಾಡಲ್ವಾ. ಮೈಕು ಬಾಯಿಂದ ಗೇಣು ದೂರ. ದೂರ ಅರ್ಧಕ್ಕಿಳಿದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ, ಮಳೆ ಇದ್ದಷ್ಟೇ ಇರುತ್ತದೆ.

ಅಜ್ಜಿ ಈಗಿಲ್ಲ. ಮುಳುಗಿದ ಗದ್ದೆಯ ಹೆಸರು ಹರಗದ್ದೆ ಅನ್ನುತ್ತಾರೆ ಚಿಕ್ಕಪ್ಪ, ಸರಗದ್ದೆ ಅನ್ನುತ್ತಾರೆ ಅತ್ತೆ. ಫೈಲಿನಲ್ಲಿ ‘ಅರಗದ್ದೆ’ ಅಂತ ಕೇಳುತ್ತದೆ.