ಕಲಬುರಗಿಯಿಂದ ಎಫ್‌ವನ್ ನೋಡೋರಿಗ: ಕ್ವಾಲಿ ನೋಡೋದಿದ್ರ ಮಾತ್ರ ರೊಕ್ಕ ಕೊಡ್ರಿ

ಎಫ್‌ವನ್ (ಫಾರ್ಮುಲಾ ವನ್ ಕಾರ್ ರೇಸ್) ಕೇಬಲ್ ಟಿವಿಯೊಳಗ ಬರ್ತಿದ್ದಾಗಿಂದ ನೋಡ್ಕೊಂತ ಬಂದೀನಿ. 2022ರ ಸೀಸನ್ ಮುಗಿದ ಮ್ಯಾಲ ನಮ್ಮ ದೇಶದಾಗ ಅದು ಟಿವಿ ಬಿಟ್ಟು ಆಪ್ ಸೇರ್ತು, ಈಗ ರೊಕ್ಕ ಕೊಟ್ಟೇ ನೋಡ್ಬೇಕು. ಆಪ್‌ನ ಪಾಸ್ ತಗೋಬೇಕೋ ಬ್ಯಾಡೋ, ಹೈಲೈಟ್ಸ್ ಫುಕಟ್ ಸಿಗ್ತಾವಲ್ರಿ ಅಂತ ಭಾಳ ಮಂದಿ ಕೇಳ್ತಾರ. ಶನಿವಾರ ಕ್ವಾಲಿಫೈಯಿಂಗ್ (ಕ್ವಾಲಿ, ಅಂದ್ರ ಐತವಾರ ರೇಸಿನ್ಯಾಗ ಯಾರು ಮುಂದ ನಿಲ್ಲಬೇಕಂತ ಟೈಮ್ ಹಚ್ಚಿ ನೋಡೋದು) ನೋಡೋರಿದ್ರ ತಗೋರಿ, ಬರೀ ಐತವಾರದ ರೇಸ್ ನೋಡೋರಿದ್ರ ಹೈಲೈಟ್ಸೇ ಸಾಕು, ಇಷ್ಟೇ ನಂದು.

ಯುರೋಪಿನ ರೇಸ್ ಇದ್ರ ಕ್ವಾಲಿ ನಮಗ ಶನಿವಾರ ಸಂಜಿ ಏಳೂವರಿಗಿ ಬರ್ತದ, ಅದಕ್ಕಿಂತ ಛೊಲೊ ಟೈಮ್ ಯಾವ ಆಟಕ್ಕೂ ಇಲ್ಲ. 2025ರ ತನ ಲೆಕ್ಕ ಹಿಂಗಿತ್ತು: ಮೊದಲ 18 ನಿಮಿಷ, ಆಮ್ಯಾಲ 15, ಕಡೀಕ 12, ಮೊದಲ ಎರಡು ರೌಂಡಿನ್ಯಾಗ ಐದೈದು ಗಾಡಿ ಹೊರಗ. ಟೈಮ್ ಮುಗಿದು ಬಾವುಟ ಬಿದ್ದಿರ್ತದ, ಆದ್ರ ಲ್ಯಾಪ್ ಶುರು ಮಾಡಿದವ್ರು ಇನ್ನಾ ಓಡಸ್ಲತ್ತಿರ್ತಾರ, ಪರದೆ ಎಡಕಿನ ಪಟ್ಟಿಯೊಳಗ ಹೆಸರು ಮ್ಯಾಲ ಕೆಳಗ ಆಗ್ಲತ್ತಿರ್ತಾವ, ಒಬ್ಬಂದು ಮೊದಲ ಸೆಕ್ಟರ್ (ಲ್ಯಾಪಿನ ಮೂರು ಭಾಗದಾಗ ಒಂದು) ನೇರಳೆ, ಅಂದ್ರ ಎಲ್ಲಾರಕಿಂತ ಜೋರ್, ಎರಡನೇದೂ ನೇರಳೆ, ಕಡೀ ತಿರುವಿನ್ಯಾಗ ಹಿಂದಿನ ಟೈರ್ ಜರಾ ಜಾರ್ತದ ಅಷ್ಟೇ, ಪೋಲ್ (ಎಲ್ಲಾರಕಿಂತ ಮುಂದಿನ ಜಾಗ) ಹೋತು, ಮೂರನೇ ಜಾಗ. ಇದು ಹೈಲೈಟ್ಸ್‌ದಾಗ ಎಲ್ಲಿ ಸಿಗ್ಬೇಕು.

ಇಂಥಾದ್ದಕ್ಕೂ ಎಫ್‌ವನ್ ನಡಸೋರು ಕೈ ಹಚ್ಚಿದ್ರು ಒಮ್ಮೆ. 2016ರಾಗ ಒಂದೂವರೆ ನಿಮಿಷಕ್ಕೊಬ್ಬನ್ನ ಹೊರಗ ಹಾಕೋ ರೂಲ್ ತಂದ್ರು. ಮೆಲ್ಬರ್ನ್‌ದಾಗ ಏನಾತಂದ್ರ ಕಡೀ ನಿಮಿಷಗಳೊಳಗ ಟ್ರ್ಯಾಕ್ ಮ್ಯಾಲ ಒಂದು ಗಾಡಿನೂ ಇಲ್ಲ, ಎಲ್ಲಾರೂ ಗ್ಯಾರೇಜಿನ್ಯಾಗ. ಎರಡೇ ರೇಸಿಗಿ ಆ ರೂಲ್ ಮೂಲಿಗಿ ಹೋತು.

ಈಗ ಸ್ಪ್ರಿಂಟ್ ಕಥಿ. 2021ರಾಗ ಬಂದಾಗ ಕ್ವಾಲಿ ಎತ್ತಿ ಶುಕ್ರವಾರಕ್ಕ ಒಗೆದ್ರು, ಶನಿವಾರ ನೂರು ಕಿಲೋಮೀಟರಿನ ಒಂದು ಸಣ್ಣ ರೇಸ್, ಅದ್ರಾಗ ಬಂದ ನಂಬರ್ ಪ್ರಕಾರ ಐತವಾರ ನಿಲ್ಲೋದು. ಸಿಲ್ವರ್‌ಸ್ಟೋನ್‌ದಾಗ ಶುಕ್ರವಾರ ಎಲ್ಲಾರಕಿಂತ ಜೋರ್ ಹೊಡದಾವ ಹ್ಯಾಮಿಲ್ಟನ್, ಆದ್ರ ಪೋಲ್ ಬರದದ್ದು ಸ್ಪ್ರಿಂಟ್ ಗೆದ್ದ ವರ್ಸ್ಟಾಪನ್ ಹೆಸರಿಗಿ, ಇದ್ಯಾವ ನ್ಯಾಯ ಹೇಳ್ರಿ. ಮುಂದಿನ ವರ್ಷ ಪೋಲ್ ಕ್ವಾಲಿ ಗೆದ್ದಾವಂದೇ ಅಂತ ತಿದ್ದಿದ್ರು, 2023ರಾಗ ಸ್ಪ್ರಿಂಟ್‌ಗೇ ಬ್ಯಾರೆ ಕ್ವಾಲಿ ಮಾಡಿದ್ರು, ಸಂಖ್ಯಾನೂ ಮೂರರಿಂದ ಆರಕ್ಕ ಏರಸಿದ್ರು. 2024ರಾಗ ಕಡೀಗಿ ಬುದ್ಧಿ ಬಂತು: ಶುಕ್ರವಾರ ಸ್ಪ್ರಿಂಟ್ ಕ್ವಾಲಿ, ಶನಿವಾರ ಮೊದಲ ಸ್ಪ್ರಿಂಟ್, ಅದ ದಿನ ಆಮ್ಯಾಲ ಖರೇ ಕ್ವಾಲಿ. ನಡುವ ಗಾಡಿ ಸೆಟಪ್ ಬದಲಿ ಮಾಡ್ಲಕ್ಕೂ ಬಿಟ್ರು. ಈಗಿನದು ನಡೀತದ, ಶಾಂಘೈ ಇದ್ದಾಗ ಸ್ಪ್ರಿಂಟ್ ಮುಂಜಾನಿ ಎಂಟೂವರಿಗಿ, ಕ್ವಾಲಿ ಮಧ್ಯಾಹ್ನ ಹನ್ನೆರಡೂವರಿಗಿ, ಕಲಬುರಗಿ ಬಿಸಲಿಗಿ ಹೊರಗ ಹೋಗೋದು ತಪ್ಪತದ. ಆದ್ರೂ ಸ್ಪ್ರಿಂಟ್ ನೋಡಿದ ಮ್ಯಾಲ ಐತವಾರ ಯಾರ ಗಾಡಿ ಹ್ಯಾಂಗ ಓಡ್ತದ ಅಂತ ಅರ್ಧ ಗೊತ್ತಾಗೇ ಬಿಡ್ತದ, ಅದೇ ನನಗ ಸೇರಲ್ಲ.

ಮೊನಾಕೊ ತಗೋರಿ. ಅಲ್ಲಿ ಓವರ್‌ಟೇಕ್ ಆಗಲ್ಲ ಅಂತ 2025ರಾಗ ಎರಡು ಪಿಟ್‌ಸ್ಟಾಪ್ (ಟೈರ್ ಬದಲಿಸ್ಲಕ್ಕ ನಿಲ್ಲೋದು) ಕಡ್ಡಾಯ ಮಾಡಿದ್ರು. ಟೀಮಿನವ್ರು ಅವರಪ್ಪರು! ರೇಸಿಂಗ್ ಬುಲ್ಸ್, ವಿಲಿಯಮ್ಸ್ ಒಬ್ಬ ಡ್ರೈವರ್‌ನ ಬೇಕಂತ ನಿಧಾನ ಓಡಸಿ ಹಿಂದಿನವ್ರನ್ನ ತಡದು ಇನ್ನೊಬ್ಬನಿಗಿ ಜಾಗ ಹೋಗದಂಗ ಪಿಟ್‌ಸ್ಟಾಪ್ ಫುಕಟ್ ಮಾಡ್ಕೊಟ್ರು. ಗೆದ್ದಾವ ಮತ್ತ ಪೋಲ್‌ನಿಂದ ಹೊಂಟ ನಾರಿಸೇ. ಅದೇ ವಾರ ಎಫ್‌ಟೂ (ಎಫ್‌ವನ್‌ಕಿಂತ ಒಂದು ಮೆಟ್ಟಲ ಕೆಳಗಿನ ರೇಸ್) ಸ್ಪ್ರಿಂಟ್ ನಮ್ಮ ಬೆಂಗಳೂರಿನ ಕುಶ್ ಮೈನಿ ಗೆದ್ದ, ಅದು ಬ್ಯಾರೆ ಖುಷಿ. ಎಫ್‌ಟೂದಾಗ ಸ್ಪ್ರಿಂಟ್‌ಗೆ ಮೊದಲ ಹತ್ತು ಮಂದೀನ್ನ ಉಲ್ಟಾ ನಿಲ್ಲಸ್ತಾರ, ಕಲಿಯೋ ಹುಡುಗರಿಗಿ ಅದು ಬರೋಬ್ಬರಿ, ಎಫ್‌ವನ್‌ಕ ತರಬ್ಯಾಡ್ರಪ್ಪ. ಕರೆಂಟ್ ಗಾಡಿಗೋಳ 'ಫಾರ್ಮುಲಾ ಇ' ರೇಸಿನ ಕ್ವಾಲಿಯೊಳಗ ಇಬ್ಬಿಬ್ಬರನ್ನ ಎದುರುಬದುರು ಹಚ್ಚಿ ಫೈನಲ್ ತನ ಒಯ್ತಾರ, ನೋಡ್ಲಕ್ಕ ಅದು ಮಸ್ತ್ ಅದ. 2023ರ ಫೆಬ್ರವರಿಗಿ ಹೈದ್ರಾಬಾದಿಗೇ ಬಂದಿತ್ತು, ಹುಸೇನ್ ಸಾಗರ್ ದಂಡಿಗಿ, ವೆರ್ನ್ಯ ಗೆದ್ದ. ನಮಗ ಬೆಂಗಳೂರಕಿಂತ ಹತ್ರ. 2024ರದು ರದ್ದಾತು, ಮುಗೀತು ಅಲ್ಲಿಗಿ.

ಕ್ಯಾಮೆರಾ ಹಿಡಿಯೋರ ಮ್ಯಾಲ ನಂದು ದೊಡ್ಡ ತಕರಾರದ. 2025ರ ಸಿಂಗಪುರ ನೋಡಿದವ್ರಿಗಿ ನೆನಪಿರಬೇಕು, ಹ್ಯಾಮಿಲ್ಟನ್ ಬ್ರೇಕ್ ಕೈ ಕೊಟ್ಟಿತ್ತು, ಅಲೊನ್ಸೊ ಹಿಂದಿಂದ ಬರ್ಲತ್ತಿದ್ದ, ಎಡಕಿನ ಪಟ್ಟಿಯೊಳಗ ಗ್ಯಾಪ್ ಸರಸರ ಇಳೀಲತ್ತದ, ಪರದೆ ಮ್ಯಾಲ ನೋಡಿದ್ರ ಆ ಜಗಳ ಸರೀಗಿ ತೋರ್ಸಲೇ ಇಲ್ಲ. ಆಮ್ಯಾಲ ಕಾರ್ಲೋಸ್ ಸೈನ್ಜ್ ಅಂಥಾ ಡ್ರೈವರೇ ಬಾಯಿ ಬಿಟ್ಟು ಹೇಳ್ದ, ಗರ್ಲ್‌ಫ್ರೆಂಡ್‌ಗಳು, ಸೆಲೆಬ್ರಿಟಿಗಳು ಜಾಸ್ತಿ ಆದ್ರು, ಓವರ್‌ಟೇಕ್ ತಪ್ಪಸ್ಲತ್ತಾರ ಅಂತ. ಈ ಚಿತ್ರ ಜಗತ್ತಿಗೆಲ್ಲ ಒಂದೇ ಕಡಿಂದ ಬರೋದು, ಹಂಗಾಗಿ ಇಲ್ಲಿನ ಆಪ್‌ನವ್ರಿಗಿ ಬೈದು ಉಪಯೋಗಿಲ್ಲ. ಕ್ವಾಲಿಯೊಳಗ ಈ ಕಾಟ ಕಮ್ಮಿ, ಒಂದು ಗಾಡಿ ಒಂದು ಲ್ಯಾಪ್, ತೋರ್ಸಲೇಬೇಕು.

ಆಪ್ ವಿಷಯ ಹೇಳ್ಬೇಕಂದ್ರ, ನಾ ಬಳಸಿದ್ದು ಯಾವುದೂ ಪೂರಾ ಬೇಕಾರಲ್ಲ. ಆದ್ರ ಲೈವ್ ಅಂದ್ರೂ ಹಿಂದ ಇರ್ತದ, ವಾಟ್ಸಾಪ್ ಗ್ರೂಪಿನ್ಯಾಗ ಯಾರಾದ್ರೂ ಗುದ್ದಿದ ಸುದ್ದಿ ಮೊದಲು ಬರ್ತದ, ಗುದ್ದಿದ್ದು ಆಮ್ಯಾಲ. ಫೋನ್ ಮೂಲ್ಯಾಗ ಇಟ್ಟು ಕುಂದರ್ರಿ. ಬ್ಯಾಸಗ್ಯಾಗ ಕರೆಂಟ್ ಹೋದ್ರ ಇನ್ವರ್ಟರ್‌ಗಿ ರೌಟರ್ ಹಚ್ಚಿರಬೇಕು, ಟಿವಿ ಇಲ್ದಿದ್ರೂ ಫೋನಿನ್ಯಾಗ ನಡೀತದ. ಕನ್ನಡದ ಕಾಮೆಂಟ್ರಿ ನನಗಂತೂ ಎಲ್ಲೂ ಸಿಕ್ಕಿಲ್ಲ, ಐಪಿಎಲ್‌ಗೆ ಕೊಡೋರು ಇದಕ್ಕ್ಯಾಕ ಕೊಡಬಾರದು.

2025ರಾಗ ಇದ್ದಂಗ ಸೀಸನ್‌ಗಿ 24 ರೇಸ್ ಅನ್ನೋದು ನನ್ನ ಪ್ರಕಾರ ಭಾಳಾತು. ಆ ವರ್ಷ ಆಸ್ಟಿನ್ ನಮಗ ಐತವಾರ ನಡುರಾತ್ರಿ ದಾಟಿ ಹನ್ನೆರಡೂವರಿಗಿ, ಮೆಕ್ಸಿಕೊ ಒಂದೂವರಿಗಿ ಬಂದಿತ್ತು, ಸೋಮವಾರ ಮುಂಜಾನಿ ಡ್ಯೂಟಿಗಿ ಹೋಗೋರು ಹೈರಾಣ. ಲಾಸ್ ವೇಗಸ್ ಒಂದು ಪರವಾಗಿಲ್ಲ, ಅಲ್ಲಿ ಶನಿವಾರ ರಾತ್ರಿ ಅಂದ್ರ ಇಲ್ಲಿ ಐತವಾರ ಮುಂಜಾನಿ, ಸುಸಲಾ ಮಿರ್ಚಿ ತಿನ್ಕೊಂತ ನೋಡಿದ್ವಿ, 2025ರಾಗ ತಾಸುಗಟ್ಟಲೆ ಆದ ಮ್ಯಾಲ ಎರಡೂ ಮೆಕ್ಲಾರೆನ್ ಅನರ್ಹ ಅಂತ ಸುದ್ದಿ ಬಂತು. ನನ್ನ ಅಳಿಯ ಮಾತ್ರ ಒಪ್ಪಲ್ಲ. "ಮಾಮಾ, ರೇಸ್ ಕಮ್ಮಿ ಇದ್ರ ವರ್ಸ್ಟಾಪನ್ 104 ಪಾಯಿಂಟ್ ಹಿಂದಿದ್ದಾವ ಎರಡು ಪಾಯಿಂಟಿನ ತನ ಹ್ಯಾಂಗ ಬರ್ತಿದ್ದ?" ಅಂತಾನ. ಅದೂ ಖರೇನೇ, ಕಡೀ ರೇಸ್ ಅಬುಧಾಬಿ ಮುಗಿದಾಗ ನಾರಿಸ್ 423, ವರ್ಸ್ಟಾಪನ್ 421. ಆದ್ರ ಅಂವ ಕಾಲೇಜ್ ಹುಡುಗ, ಸೋಮವಾರ ಕ್ಲಾಸಿನ್ಯಾಗ ಮಲಗ್ತಾನ.

2026ಕ್ಕ ಗಾಡಿಗೋಳೇ ಬದಲಾದ್ವು, ಡಿಆರ್‌ಎಸ್ (ಓವರ್‌ಟೇಕ್ ಮಾಡ್ಲಕ್ಕ ಹಿಂದಿನ ರೆಕ್ಕಿ ತೆರೆಯೋದು) ಹೋತು, ಹತ್ರ ಹತ್ರ ಅರ್ಧ ತಾಕತ್ತು ಬ್ಯಾಟ್ರಿದು, ಕ್ಯಾಡಿಲಾಕ್ ಟೀಮ್ ಸೇರಿ ಗಾಡಿ 22, ಹಂಗಾಗಿ ಕ್ವಾಲಿಯೊಳಗ ಈಗ ಆರಾರು ಮಂದಿ ಹೊರಗ. ಅದ್ರ ಬಗ್ಗೆ ಪೂರಾ ಸೀಸನ್ ನೋಡಿನೇ ಬರೀತೀನಿ. ಸದ್ಯಕ್ಕ ಎಫ್‌ವನ್ ಪಾಸ್‌ಗಿ ಐದಕ್ಕ ಮೂರೂವರೆ ಸ್ಟಾರ್, ಅದ್ರಾಗ ಮೂರು ಕ್ವಾಲಿಗೇ. ಒಂದು ಮಾತು, ಪಾಸ್ ತಗೋಳ್ಳೋರು ಶನಿವಾರ ಸಂಜಿ ಏಳು ಇಪ್ಪತ್ತಕ್ಕ ತಗೋಳ್ಳಕ್ಕ ಕುಂದರಬ್ಯಾಡ್ರಿ, ಪೇಮೆಂಟ್ ಗಿರಿಗಿರಿ ತಿರಗೋದ್ರಾಗ ಕ್ಯೂವನ್ (ಕ್ವಾಲಿ ಮೊದಲ ರೌಂಡ್) ಮುಗದಿರ್ತದ.